ಬೋನಿನ ತಿಂಡಿ ಮಾಯ, ಇಲಿ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ನಮ್ಮದು ಹಿತ್ತಿಲಿರುವ ಒಂಟಿ ಮನೆ. ಎರಡು ತಿಂಗಳಿಂದ ಇಲಿಗಳ ಕಾಟ ಹೆಚ್ಚಾಗಿದೆ. ರಾತ್ರಿ ಅಟ್ಟದಲ್ಲಿ ಓಡಾಡುವ ಸದ್ದು ಕೇಳುತ್ತದೆ, ಸಾಮಾನಿನ ಕೋಣೆಯಲ್ಲಿ ಚೀಲಗಳು ತೂತಾಗುತ್ತಿವೆ, ಹಿತ್ತಿಲ ಗೋಡೆಯ ಬುಡದಲ್ಲಿ ಬಿಲಗಳೂ ಕಾಣುತ್ತಿವೆ. ಒಂದು ಸ್ಪ್ರಿಂಗ್ ಬೋನು ತಂದು ಇಟ್ಟೆವು. ಮೊದಲ ವಾರ ಒಂದು ಮರಿ ಸಿಕ್ಕಿತು. ಆಮೇಲೆ ಏನೂ ಇಲ್ಲ. ಕೆಲವು ದಿನ ಇಟ್ಟ ತಿಂಡಿ ಹಾಗೆಯೇ ಇರುತ್ತದೆ, ಕೆಲವು ದಿನ ತಿಂಡಿ ಖಾಲಿಯಾಗಿ ಬೋನು ಮಾತ್ರ ಒಡ್ಡಿದಂತೆಯೇ ನಿಂತಿರುತ್ತದೆ. ಮೂರು ವರ್ಷದ ಮಗು ಮತ್ತು ನಾಯಿ ಇರುವುದರಿಂದ ಪಾಷಾಣ ಇಡಲು ಭಯ. ಬೋನುಗಳಿಂದಲೇ ಇಲಿಗಳನ್ನು ಪೂರ್ತಿ ಹೋಗಲಾಡಿಸಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಮಗು ಮತ್ತು ನಾಯಿ ಇರುವ ಮನೆಗೆ ನಾನು ಸೂಚಿಸುವುದೂ ಬೋನನ್ನೇ. ಆದರೆ ನಿಮ್ಮ ವಿವರಣೆಯನ್ನು ಓದಿದರೆ ತೊಂದರೆ ಇರುವುದು ಬೋನಿನಲ್ಲಲ್ಲ, ಅದನ್ನು ಒಂಟಿಯಾಗಿ ಮತ್ತು ಅವಸರದಲ್ಲಿ ಒಡ್ಡಿದ್ದರಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ಇಲಿ ಹಿಡಿಯುವ ಕೆಲಸದಲ್ಲಿ ಮುಕ್ಕಾಲು ಪಾಲು ನಡೆಯುವುದು ಬೋನು ಒಡ್ಡುವುದಕ್ಕೆ ಮುಂಚೆ. ಅದನ್ನು ಬಿಟ್ಟು ಮೊದಲ ರಾತ್ರಿಯೇ ಕೊಕ್ಕೆ ಹೂಡಿ ಮಲಗಿದರೆ, ತೀರಾ ಎಳೆಯದೊಂದು ಇಲಿ ಸಿಗುತ್ತದೆ, ಉಳಿದವು ಆ ವಸ್ತುವಿನಿಂದ ದೂರ ಉಳಿಯುವುದನ್ನು ಕಲಿಯುತ್ತವೆ. ನಿಮ್ಮಲ್ಲಿ ಆಗಿರುವುದೂ ಅದೇ.

ಇದಕ್ಕೆ ಕಾರಣ ಇಲಿಯ ಸ್ವಭಾವದಲ್ಲಿದೆ. ಮನೆಯಲ್ಲಿ ಓಡಾಡುವ ಪುಟ್ಟ ಸುಣ್ಣಿಲಿಗೆ ಹೊಸ ವಸ್ತು ಕಂಡರೆ ಕುತೂಹಲ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅಂಜಿಕೆ. ತಾನು ದಿನವೂ ಓಡಾಡುವ ದಾರಿಯಲ್ಲಿ ನಿನ್ನೆ ಇಲ್ಲದ ಒಂದು ಹಲಗೆ ಇಂದು ಕಂಡರೆ ಅದು ಬಳಸಿಕೊಂಡು ಹೋಗುತ್ತದೆ, ಇಲ್ಲವೇ ಕೆಲವು ದಿನ ಆ ದಾರಿಯನ್ನೇ ಬಿಡುತ್ತದೆ. ಹೊಸ ತಿಂಡಿಯ ವಿಷಯದಲ್ಲೂ ಹಾಗೆಯೇ: ಮೊದಲು ಒಂದಿಷ್ಟೇ ರುಚಿ ನೋಡುತ್ತದೆ, ಹೊಟ್ಟೆಗೆ ತೊಂದರೆಯಾದರೆ ಮತ್ತೆ ಅದನ್ನು ಮುಟ್ಟುವುದಿಲ್ಲ. ಇಲಿಗೆ ವಾಂತಿ ಮಾಡುವ ಸಾಮರ್ಥ್ಯವೇ ಇಲ್ಲದಿರುವುದರಿಂದ ಈ ಎಚ್ಚರಿಕೆ ಅದರ ಬದುಕಿಗೆ ಅನಿವಾರ್ಯ. ಬೋನು ಒಡ್ಡುವವರು ಈ ಅಂಜಿಕೆ ಕರಗಲು ಬೇಕಾದ ಸಮಯವನ್ನು ಕೊಡಲೇಬೇಕು.

ಒಂದೇ ಬೋನು ಏಕೆ ಸಾಲದು ಎಂಬುದನ್ನೂ ಹೇಳಿಬಿಡುತ್ತೇನೆ. ಹೆಣ್ಣು ಇಲಿ ಗರ್ಭ ಧರಿಸಿದ 21ರಿಂದ 23 ದಿನಗಳಲ್ಲಿ ಈಯುತ್ತದೆ, ಒಂದು ಸೂಲಿಗೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಮರಿಗಳಿರುತ್ತವೆ, ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ. ವಾರಕ್ಕೊಂದು ಇಲಿಯನ್ನು ಹಿಡಿಯುತ್ತಾ ಹೋದರೆ ನೀವು ಹಿಡಿದದ್ದಕ್ಕಿಂತ ಹುಟ್ಟಿದ್ದೇ ಹೆಚ್ಚಾಗಿರುತ್ತದೆ. ಆದ್ದರಿಂದ ಹತ್ತು ಹನ್ನೆರಡು ಬೋನುಗಳನ್ನು ಒಟ್ಟಿಗೆ ತಂದು ಒಂದೇ ರಾತ್ರಿ ಒಡ್ಡುವುದು, ಒಂದು ಬೋನನ್ನು ಹತ್ತು ಹನ್ನೆರಡು ವಾರ ಒಡ್ಡುವುದಕ್ಕಿಂತ ಎಷ್ಟೋ ಮೇಲು. ಖರ್ಚು ಹೆಚ್ಚೆನಿಸಬಹುದು, ಆದರೆ ಇವು ವರ್ಷಗಟ್ಟಲೆ ಉಳಿಯುವ ವಸ್ತುಗಳು.

ಬೋನು ತರುವ ಮೊದಲು ನಿಮ್ಮ ಮನೆಗೆ ಬರುತ್ತಿರುವುದು ಯಾವ ಇಲಿ ಎಂದು ತಿಳಿಯಬೇಕು. ಅಟ್ಟದಲ್ಲಿ ಸದ್ದು, ನೆಲದಲ್ಲಿ ಬಿಲ ಎಂದು ನೀವು ಎರಡನ್ನೂ ಬರೆದಿದ್ದೀರಿ. ಇದು ನನಗೆ ಮುಖ್ಯವಾಗಿ ಕಂಡ ಸುಳಿವು. ಅಟ್ಟ, ಮಾಡು, ತಂತಿ, ಮರದ ಕೊಂಬೆಗಳ ಮೇಲೆ ಸಲೀಸಾಗಿ ಓಡಾಡುವುದು ಸಪೂರ ದೇಹದ, ತಲೆ ಮತ್ತು ಮೈ ಸೇರಿದ ಉದ್ದಕ್ಕಿಂತಲೂ ಬಾಲವೇ ಉದ್ದವಾಗಿರುವ ಮಾಡಿನ ಇಲಿ, ಅಂದರೆ ರಾಟಸ್ ರಾಟಸ್. ಗೋಡೆಯ ಬುಡದಲ್ಲಿ, ಚರಂಡಿಯ ಪಕ್ಕದಲ್ಲಿ ಬಿಲ ತೋಡುವುದು ದಪ್ಪ ಮೈಯ, ಮೊಂಡು ಮೂತಿಯ, ಮೈಗಿಂತ ಬಾಲ ಗಿಡ್ಡವಾಗಿರುವ ಕಂದು ಇಲಿ, ರಾಟಸ್ ನಾರ್ವೆಜಿಕಸ್, ಅಥವಾ ಹೆಗ್ಗಣ. ಹಿಕ್ಕೆ ನೋಡಿದರೆ ಅನುಮಾನ ಬಹುಮಟ್ಟಿಗೆ ಬಗೆಹರಿಯುತ್ತದೆ: ಕಂದು ಇಲಿಯದು ಸುಮಾರು 18ರಿಂದ 20 ಮಿಲಿಮೀಟರ್ ಉದ್ದವಿದ್ದು ತುದಿ ಮೊಂಡಾಗಿರುತ್ತದೆ, ಮಾಡಿನ ಇಲಿಯದು 12 ಮಿಲಿಮೀಟರಿನ ಆಸುಪಾಸಿನಲ್ಲಿದ್ದು ತುದಿ ಚೂಪಾಗಿರುತ್ತದೆ, ಸುಣ್ಣಿಲಿಯದು ಅಕ್ಕಿಕಾಳಿಗಿಂತ ದೊಡ್ಡದಿರುವುದಿಲ್ಲ. ನಿಮ್ಮಲ್ಲಿ ಎರಡು ಜಾತಿಗಳೂ ಇರುವ ಸಾಧ್ಯತೆ ಇದೆ. ಹಾಗಿದ್ದರೆ ನೆಲದಲ್ಲಿ ಮಾತ್ರ ಬೋನು ಇಟ್ಟರೆ ಅಟ್ಟದವು ನಿಶ್ಚಿಂತೆಯಾಗಿರುತ್ತವೆ.

ಇನ್ನು ದಾರಿ ಹುಡುಕುವ ಕೆಲಸ. ಇಲಿಗೆ ದೃಷ್ಟಿ ಮಂದ, ಆದರೆ ಮೀಸೆ ಮತ್ತು ಮೈಕೂದಲುಗಳ ಸ್ಪರ್ಶ ಬಹಳ ಚುರುಕು. ಹಾಗಾಗಿ ಅದು ಕೋಣೆಯ ನಡುವೆ ಓಡುವುದು ಅಪರೂಪ, ಗೋಡೆಗೆ ಮೈ ತಾಗಿಸಿಕೊಂಡೇ ಹೋಗುತ್ತದೆ, ಮತ್ತು ಒಮ್ಮೆ ಹಿಡಿದ ದಾರಿಯನ್ನು ಸುಲಭಕ್ಕೆ ಬಿಡುವುದಿಲ್ಲ. ದಿನವೂ ಅದೇ ಜಾಗಕ್ಕೆ ಮೈ ಉಜ್ಜುವುದರಿಂದ ಅದರ ಮೈಯ ಜಿಡ್ಡು ಮತ್ತು ಕೊಳೆ ಅಲ್ಲಿ ಅಂಟುತ್ತಾ ಹೋಗಿ ಕಪ್ಪು ಪಟ್ಟೆಯಾಗುತ್ತದೆ. ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯದೆ ಗೋಡೆಯ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ನೆಲದಿಂದ ಎರಡು ಮೂರು ಬೆರಳಿನಷ್ಟು ಎತ್ತರದಲ್ಲಿ ಉದ್ದಕ್ಕೆ ಸಾಗಿದ ಮಾಸಲು ಗೆರೆ, ಪೈಪು ಗೋಡೆಯೊಳಗೆ ಹೋಗುವ ತೂತಿನ ಅಂಚಿನಲ್ಲಿ ಎಣ್ಣೆ ಸವರಿದಂತಹ ಹೊಳಪು, ತೊಲೆ ಗೋಡೆಗೆ ಸೇರುವಲ್ಲಿ ಕೆಳಮುಖವಾಗಿ ಮೂಡಿದ ಅರ್ಧಚಂದ್ರಾಕಾರದ ಕಲೆ ಕಾಣುತ್ತವೆ. ಬೆರಳಿನಿಂದ ಮುಟ್ಟಬೇಡಿ, ಕಡ್ಡಿಯಿಂದ ಉಜ್ಜಿ ನೋಡಿ. ಜಿಡ್ಡು ಮೆತ್ತಗಿದ್ದು ಹರಡಿಕೊಂಡರೆ ಆ ದಾರಿ ಈಗಲೂ ಬಳಕೆಯಲ್ಲಿದೆ, ಒಣಗಿ ಸಿಪ್ಪೆಯಂತೆ ಏಳುವುದಾದರೆ ಹಳೆಯದು.

ಗೆರೆ ಕಾಣದ ಜಾಗದಲ್ಲಿ ಸಂಜೆ ಒಂದು ಅಂಗೈ ಅಗಲದಷ್ಟು ಹಿಟ್ಟು ಅಥವಾ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ ಬೆಳಿಗ್ಗೆ ನೋಡಿದರೆ ಹೆಜ್ಜೆಗಳು, ನಡುವೆ ಎಳೆದ ಬಾಲದ ಗೀಟು ಸಿಗುತ್ತವೆ. ಮಗು ತೆವಳಿ ಹೋಗುವ ಕಡೆ ಸುಣ್ಣ ಬೇಡ, ಹಿಟ್ಟೇ ಸಾಕು. ಹಿತ್ತಿಲ ಬಿಲಗಳ ಬಾಯಿಗೆ ಕಾಗದದ ಉಂಡೆಯನ್ನೋ ಸಡಿಲ ಮಣ್ಣನ್ನೋ ತುಂಬಿಡಿ. ಒಂದೆರಡು ದಿನಗಳಲ್ಲಿ ಅದನ್ನು ಹೊರಗೆ ತಳ್ಳಿದ್ದರೆ ಬಿಲದಲ್ಲಿ ಇಲಿ ಇದೆ. ಈ ಪರೀಕ್ಷೆಗೆ ಎರಡು ಮೂರು ದಿನ ಹೋಗುತ್ತದೆ. ಆ ದಿನಗಳನ್ನು ಉಳಿಸಲು ಹೋಗುವವರೇ ಮುಂದೆ ತಿಂಗಳುಗಟ್ಟಲೆ ಕಳೆಯುವುದು.

ಬೋನಿನ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಹಲಗೆ ಅಥವಾ ಪ್ಲಾಸ್ಟಿಕ್ಕಿನ ಮೇಲೆ ಸ್ಪ್ರಿಂಗ್ ಮತ್ತು ಹೊಡೆಯುವ ಕಂಬಿ ಇರುವ, ದೊಡ್ಡ ಇಲಿಯ ಅಳತೆಯ ಬೋನನ್ನೇ ಕೊಳ್ಳಿ. ಸುಣ್ಣಿಲಿಗೆಂದು ಮಾಡಿದ ಚಿಕ್ಕ ಬೋನು ದೊಡ್ಡ ಇಲಿಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸಿ ಬಿಡುತ್ತದೆ. ನಿಮ್ಮ ಬಳಿ ಇರುವುದು ಯಾವ ಅಳತೆಯದು ಎಂದು ಒಮ್ಮೆ ನೋಡಿಕೊಳ್ಳಿ. ಅಮೆರಿಕದ ವಿಲಿಯಂ ಹೂಕರ್ ಈ ಮಾದರಿಗೆ 1894ರಲ್ಲಿ ಪೇಟೆಂಟ್ ಪಡೆದರು. ಅಂದಿನಿಂದ ಇದರ ಮೂಲ ರಚನೆ ಹೆಚ್ಚು ಬದಲಾಗಿಲ್ಲ, ಬದಲಾಗುವ ಅಗತ್ಯವೂ ಬಿದ್ದಿಲ್ಲ. ಬ್ಯಾಟರಿಯಿಂದ ಆಘಾತ ಕೊಡುವ ಬೋನುಗಳು ಕೆಲಸ ಮಾಡುತ್ತವೆ, ಆದರೆ ಹನ್ನೆರಡು ಕೊಳ್ಳುವುದು ದುಬಾರಿ, ತೇವದಲ್ಲಿ ಇಡುವಂತಿಲ್ಲ.

ಜೀವಂತ ಹಿಡಿಯುವ ಪಂಜರದ ಬೋನು ಕರುಣೆಯದ್ದೆಂದು ಹಲವರು ಭಾವಿಸುತ್ತಾರೆ. ಹಿಡಿದ ಮೇಲೆ ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡವರು ಕಡಿಮೆ. ಸಮೀಪದಲ್ಲಿ ಬಿಟ್ಟರೆ ಮರಳಿ ಬರುತ್ತದೆ, ದೂರ ಬಿಟ್ಟರೆ ಬೇರೆಯವರ ಮನೆ ಸೇರುತ್ತದೆ ಅಥವಾ ಗುರುತಿಲ್ಲದ ಜಾಗದಲ್ಲಿ ಆಹಾರ, ಆಸರೆ ಸಿಗದೆ ಸಾಯುತ್ತದೆ. ಎಷ್ಟೋ ಕಡೆ ಹಾಗೆ ಬಿಡುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. ಪಂಜರವನ್ನು ನೀರಿನಲ್ಲಿ ಮುಳುಗಿಸುವುದಂತೂ ಕ್ರೂರ. ಸರಿಯಾಗಿ ಬಿದ್ದ ಸ್ಪ್ರಿಂಗ್ ಬೋನಿನಲ್ಲಿ ಸಾವು ಕ್ಷಣಮಾತ್ರದ್ದು, ಆ ದೃಷ್ಟಿಯಿಂದ ಅದೇ ಕಡಿಮೆ ಹಿಂಸೆಯದು. ಅಂಟು ಹಲಗೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದರಲ್ಲಿ ಸಿಕ್ಕ ಪ್ರಾಣಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒದ್ದಾಡಿ ಮೂತ್ರ, ಹಿಕ್ಕೆ ಚೆಲ್ಲುತ್ತಾ ಸಾಯುತ್ತದೆ. ಹಲ್ಲಿ, ಹಕ್ಕಿಗಳೂ ಅದಕ್ಕೆ ಸಿಕ್ಕಿಬೀಳುತ್ತವೆ. ಇಂಗ್ಲೆಂಡಿನಲ್ಲಿ 2022ರ ಕಾಯಿದೆಯೊಂದು ಜನಸಾಮಾನ್ಯರು ಇದನ್ನು ಬಳಸುವುದನ್ನು ಅಪರಾಧವೆಂದು ಪರಿಗಣಿಸಿ, 2024ರಿಂದ ಜಾರಿಗೆ ಬಂದಿದೆ.

ಬೋನುಗಳು ಬಂದ ಮೇಲೆ ಅವುಗಳನ್ನು ಗುರುತಿಸಿದ ದಾರಿಗಳಲ್ಲಿ ಇಡಿ, ಎರೆಯನ್ನೂ, ಅಂದರೆ ಇಲಿಯನ್ನು ಸೆಳೆಯುವ ತಿಂಡಿಯನ್ನೂ ಇಡಿ, ಆದರೆ ಕೊಕ್ಕೆ ಹೂಡಬೇಡಿ. ಈ ಒಂದು ಮಾತನ್ನು ಮಾತ್ರ ತಪ್ಪದೆ ಪಾಲಿಸಬೇಕೆಂದು ಒತ್ತಿ ಹೇಳುತ್ತೇನೆ. ಕಂಬಿ ಬೀಳದ ಸ್ಥಿತಿಯಲ್ಲಿರುವ ಬೋನಿನ ಮೇಲೆ ದಿನವೂ ಸಂಜೆ ತಾಜಾ ಎರೆ ಇಟ್ಟು, ಬೆಳಿಗ್ಗೆ ಯಾವುದರಲ್ಲಿ ಖಾಲಿಯಾಗಿದೆ, ಯಾವುದರಲ್ಲಿ ಉಳಿದಿದೆ ಎಂದು ಬರೆದಿಟ್ಟುಕೊಳ್ಳಿ. ಮೊದಲೆರಡು ದಿನ ಯಾವುದೂ ಖಾಲಿಯಾಗದಿರಬಹುದು, ಗಾಬರಿ ಬೇಡ. ಮೂರನೆಯ, ನಾಲ್ಕನೆಯ ದಿನಕ್ಕೆ ಒಂದೆರಡು ಕಡೆ ತಿನ್ನಲು ಆರಂಭಿಸುತ್ತವೆ, ವಾರದ ಹೊತ್ತಿಗೆ ಬಹುತೇಕ ಎಲ್ಲ ಕಡೆ ಎರೆ ಮಾಯವಾಗುತ್ತಿರುತ್ತದೆ. ಎರಡು ಮೂರು ರಾತ್ರಿ ಸತತವಾಗಿ ಹೀಗಾದ ಮೇಲೆ, ಅದೇ ಬೋನು, ಅದೇ ಜಾಗ, ಅದೇ ಎರೆ, ಎಲ್ಲವನ್ನೂ ಒಂದೇ ಸಂಜೆ ಒಡ್ಡಬೇಕು. ದಿನಕ್ಕೊಂದರಂತೆ ಒಡ್ಡಿದರೆ ಕಾದದ್ದೆಲ್ಲ ವ್ಯರ್ಥ. ನೀವು ಈಗಾಗಲೇ ಇಟ್ಟಿರುವ ಬೋನನ್ನೂ ಕೊಕ್ಕೆ ಬಿಚ್ಚಿ ಈ ಸಾಲಿಗೇ ಸೇರಿಸಿ.

ಎರೆ ಖಾಲಿಯಾಗಿಯೂ ಬೋನು ಬೀಳದಿರುವುದು ನಿಮ್ಮ ಎರಡನೆಯ ದೂರು. ಇಲ್ಲಿ ತಪ್ಪುವುದು ಎರೆಯ ಪ್ರಮಾಣದಲ್ಲಿ. ದೊಡ್ಡ ಉಂಡೆ ಇಟ್ಟರೆ ಇಲಿ ಕೊಕ್ಕೆಯನ್ನು ಅಲುಗಿಸದೆ ಅಂಚಿನಿಂದ ತಿಂದು ಹೋಗುತ್ತದೆ. ಬಟಾಣಿ ಕಾಳಿನಷ್ಟು ಸಾಕು. ನೆಲಗಡಲೆಯನ್ನು ಎಣ್ಣೆ ಬಿಡುವಂತೆ ಅರೆದ ಅಂಟಂಟು ಮುದ್ದೆ ಒಳ್ಳೆಯದು, ಏಕೆಂದರೆ ಅದು ಕೊಕ್ಕೆಯ ಸಂದುಗಳಿಗೆ ಮೆತ್ತಿಕೊಳ್ಳುವುದರಿಂದ ಇಲಿ ನೆಕ್ಕಿ, ಕೆರೆದು ತಿನ್ನಬೇಕಾಗುತ್ತದೆ. ಇನ್ನೂ ಖಚಿತವಾದ ಉಪಾಯವೆಂದರೆ ಒಣಹಣ್ಣಿನ ಚೂರನ್ನೋ ಗಟ್ಟಿ ಬೀಜವನ್ನೋ ಕೊಕ್ಕೆಯ ತಟ್ಟೆಗೆ ಹೊಲಿಗೆಯ ದಾರದಿಂದ ಎರಡು ಸುತ್ತು ಬಿಗಿದು, ಗಂಟಿನ ಮೇಲೆ ತುಸು ಮುದ್ದೆ ಸವರುವುದು. ಇಲಿ ಮುದ್ದೆಯನ್ನು ನೆಕ್ಕಿ ಮುಗಿಸಿ ಚೂರನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತದೆ, ದಾರ ಬಿಡುವುದಿಲ್ಲ, ಎಳೆದ ಬಲಕ್ಕೆ ಕೊಕ್ಕೆ ಜಾರುತ್ತದೆ. ಸಾಮಾನಿನ ಕೋಣೆಯಲ್ಲಿ ಅವು ಯಾವ ಚೀಲವನ್ನು ತೂತು ಮಾಡಿವೆಯೋ ಅದರಲ್ಲಿದ್ದ ಧಾನ್ಯವೇ ಅವುಗಳಿಗೆ ಪರಿಚಿತ ರುಚಿ, ಅದನ್ನೂ ಮುದ್ದೆಯಲ್ಲಿ ಬೆರೆಸಬಹುದು. ಒಡ್ಡುವ ಸಂಜೆ ಕೊಕ್ಕೆಯನ್ನು ಆದಷ್ಟು ಸೂಕ್ಷ್ಮವಾಗಿ ಹೂಡಿ, ಪೆನ್ಸಿಲಿನ ತುದಿಯಿಂದ ತಟ್ಟೆಯನ್ನು ಮುಟ್ಟಿ ಒಂದೆರಡು ಬೋನುಗಳನ್ನು ಪರೀಕ್ಷಿಸಿ. ತುಕ್ಕು ಹಿಡಿದು ಬಿಗಿಯಾದ ಕೊಕ್ಕೆಯೂ ಬೀಳದಿರಲು ಕಾರಣವಾಗುತ್ತದೆ.

ಬೋನನ್ನು ಗೋಡೆಗೆ ಅಡ್ಡಲಾಗಿ, ಎರೆಯಿರುವ ತುದಿ ಗೋಡೆಗೆ ತಾಗುವಂತೆ ಇಡಬೇಕು. ಆಗ ಇಲಿ ಎಡದಿಂದ ಬಂದರೂ ಬಲದಿಂದ ಬಂದರೂ ಎರೆ ಅದರ ಮೂತಿಗೇ ಸಿಗುತ್ತದೆ, ಕಂಬಿ ಕುತ್ತಿಗೆಯ ಮೇಲೆ ಬೀಳುತ್ತದೆ. ಹೆಚ್ಚು ಓಡಾಟವಿರುವ ಕಡೆ ಒಂದೊಂದು ಗೇಣು ಅಂತರದಲ್ಲಿ ಜೋಡಿಯಾಗಿ ಇಡಿ, ಒಂದನ್ನು ಹಾರಿ ದಾಟುವ ಇಲಿ ಇನ್ನೊಂದರ ಮೇಲೆ ಇಳಿಯುತ್ತದೆ. ಅಟ್ಟದಲ್ಲಿ ತೊಲೆಯ ಮೇಲೆ, ಪೈಪಿನ ಪಕ್ಕದಲ್ಲಿ ಇಡುವಾಗ ತಂತಿಯಿಂದ ಕಟ್ಟಬೇಕು, ಇಲ್ಲದಿದ್ದರೆ ಅರ್ಧ ಸಿಕ್ಕ ಇಲಿ ಬೋನಿನ ಸಮೇತ ಕೆಳಗೆ ಬೀಳುತ್ತದೆ ಅಥವಾ ಸಂದಿಗೆ ಎಳೆದೊಯ್ಯುತ್ತದೆ. ಆ ವಾಸನೆ ಮೂಗಿಗೆ ಬರುವ ಹೊತ್ತಿಗೆ ಹುಡುಕುವುದು ಕಷ್ಟವಾಗಿರುತ್ತದೆ.

ಮಗು ಮತ್ತು ನಾಯಿಯ ವಿಷಯಕ್ಕೆ ಬಂದರೆ, ದೊಡ್ಡ ಇಲಿಯ ಬೋನು ಮಗುವಿನ ಬೆರಳು ಮುರಿಯುವಷ್ಟು ಬಲವಾಗಿ ಹೊಡೆಯುತ್ತದೆ, ನಾಯಿಯ ಮೂತಿಗೂ ಪೆಟ್ಟಾಗುತ್ತದೆ. ಅಟ್ಟ ಮತ್ತು ಬೀಗ ಹಾಕಬಲ್ಲ ಕೋಣೆ ಬಿಟ್ಟು ಬೇರೆಲ್ಲೂ ಬೋನನ್ನು ತೆರೆದಿಡಬೇಡಿ. ಉಳಿದ ಕಡೆ ಅದನ್ನು ಗಟ್ಟಿಯಾದ ಮರದ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಇಟ್ಟು, ಗೋಡೆಯ ಪಕ್ಕಕ್ಕೆ ಬರುವ ಎರಡೂ ತುದಿಗಳಲ್ಲಿ 6 ಸೆಂಟಿಮೀಟರಿನಷ್ಟು ಅಗಲದ ಬಾಯಿ ಬಿಟ್ಟು, ಮುಚ್ಚಳವನ್ನು ಸ್ಕ್ರೂ ಹಾಕಿ ಬಿಗಿಯಿರಿ. ಬಾಯಿಂದ ಬೋನಿನವರೆಗೆ ಮಗುವಿನ ಕೈ ಮುಟ್ಟದಷ್ಟು ದೂರವಿರಬೇಕು. ಕತ್ತಲೆಯ, ಮುಚ್ಚಿದ ದಾರಿ ಇಲಿಗೆ ಇಷ್ಟವಾದ್ದರಿಂದ ಪೆಟ್ಟಿಗೆ ಅದನ್ನು ಓಡಿಸುವುದಿಲ್ಲ. ಹಿತ್ತಿಲಲ್ಲಿ ಅಳಿಲು, ಹಕ್ಕಿಗಳ ರಕ್ಷಣೆಗೂ ಇದೇ ಪೆಟ್ಟಿಗೆ ಬೇಕು. ಅಲ್ಲಿ ಬೋನನ್ನು ಕತ್ತಲಾದ ಮೇಲೆ ಒಡ್ಡಿ ಬೆಳಗಾದೊಡನೆ ಕೊಕ್ಕೆ ಇಳಿಸಿ.

ಒಡ್ಡಿದ ಮೊದಲ ರಾತ್ರಿಯೇ ಅತಿ ಹೆಚ್ಚು ಸಿಗುವುದು. ಅನಂತರದ ಎರಡು ಮೂರು ರಾತ್ರಿ ಕಡಿಮೆಯಾಗುತ್ತಾ ಹೋಗುತ್ತದೆ. ನಾಲ್ಕಾರು ರಾತ್ರಿ ಏನೂ ಸಿಗದೆ, ಆದರೂ ಹಿಟ್ಟಿನಲ್ಲಿ ಹೆಜ್ಜೆ ಕಂಡರೆ, ಉಳಿದಿರುವುದು ಬೋನಿಗೆ ಅಂಜುವ ಇಲಿ. ಅಂಥವಕ್ಕೆ ಬೋನುಗಳನ್ನು ವಾರದ ಮಟ್ಟಿಗೆ ತೆಗೆದಿಟ್ಟು, ಎರೆಯನ್ನೂ ಜಾಗವನ್ನೂ ಬದಲಿಸಿ ಮತ್ತೆ ಮೊದಲಿನಿಂದ ಕೊಕ್ಕೆಯಿಲ್ಲದ ದಿನಗಳನ್ನು ಆರಂಭಿಸಬೇಕು. ಇಲಿ ಸತ್ತ ಬೋನನ್ನು ಎಸೆಯಬೇಕಿಲ್ಲ, ತಮ್ಮ ಜಾತಿಯ ವಾಸನೆಗೆ ಇಲಿಗಳು ಅಷ್ಟಾಗಿ ಬೆದರುವುದಿಲ್ಲ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಇಲಿಯ ಮೂತ್ರದಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಹರಡುತ್ತದೆ. ಚರ್ಮದ ಗಾಯದ ಮೂಲಕ, ಕಣ್ಣು, ಮೂಗು, ಬಾಯಿಯ ಮೂಲಕ ಆ ಬ್ಯಾಕ್ಟೀರಿಯಾ ಮೈ ಸೇರಬಲ್ಲದು. ರಬ್ಬರ್ ಕೈಗವಸು ಹಾಕಿಕೊಂಡು ಇಲಿ ಮತ್ತು ಬೋನಿನ ಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಇಲಿಯನ್ನು ಒಂದರೊಳಗೊಂದು ಇಟ್ಟ ಎರಡು ಚೀಲಗಳಲ್ಲಿ ಕಟ್ಟಿ ವಿಲೇವಾರಿ ಮಾಡಿ. ಅಟ್ಟದ ಹಿಕ್ಕೆಗಳನ್ನು ಒಣಗಿದ್ದಾಗ ಗುಡಿಸಬೇಡಿ. ಕಿಟಕಿ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಅದೇ ದ್ರಾವಣದಿಂದ ನೆನೆಸಿ, ಕಾಗದದಿಂದ ಒರೆಸಿ ತೆಗೆಯಿರಿ. ಮುಂದಿನ ಒಂದು ತಿಂಗಳೊಳಗೆ ಮನೆಯಲ್ಲಿ ಯಾರಿಗಾದರೂ ಮೈಕೈ ನೋವಿನ ಜೊತೆ ಜೋರಾದ ಜ್ವರ ಬಂದರೆ ಇಲಿಗಳ ವಿಷಯವನ್ನು ವೈದ್ಯರಿಗೆ ತಿಳಿಸಲು ಮರೆಯಬೇಡಿ.

ಇಲಿಗಳು ಒಳಬರುವ ದಾರಿಯನ್ನು ಮುಚ್ಚದಿದ್ದರೆ ಬೋನು ಒಡ್ಡುವುದು ಎಂದೂ ಮುಗಿಯುವುದಿಲ್ಲ. ಸುಣ್ಣಿಲಿಗೆ 6 ಮಿಲಿಮೀಟರಿನ ಸಂದು ಸಾಕು, ಎಳೆಯ ಇಲಿಗೆ 12 ಮಿಲಿಮೀಟರ್ ಸಾಕು. ನಿಮ್ಮ ಕಿರುಬೆರಳು ಸಲೀಸಾಗಿ ತೂರುವ ತೂತೆಲ್ಲ ಬಾಗಿಲೇ ಎಂದು ತಿಳಿಯಿರಿ. ಪೈಪಿನ ಸುತ್ತ, ತಂತಿ ಒಳಬರುವಲ್ಲಿ, ಮಾಡು ಗೋಡೆಗೆ ಸೇರುವಲ್ಲಿ, ಬಾಗಿಲಿನ ಅಡಿಯಲ್ಲಿ ಹುಡುಕಿ. ಸಣ್ಣ ತೂತಿಗೆ ಉಕ್ಕಿನ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಗಾಳಿಕಿಂಡಿಗೆ 6 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಬಿಗಿಯಿರಿ. ಬಾಗಿಲಿನ ಅಂಚಿಗೆ ತಗಡು ಹೊಡೆಯಿರಿ. ಉಬ್ಬುವ ಫೋಮ್ ಒಂದನ್ನೇ ತುಂಬಿದರೆ ಇಲಿಗೆ ಅದನ್ನು ಕಡಿಯಲು ಒಂದು ರಾತ್ರಿಯೂ ಬೇಡ. ಮಾಡನ್ನು ಮುಟ್ಟುವ ಕೊಂಬೆಗಳನ್ನು ಒಂದು ಮೀಟರಿಗಿಂತ ಹೆಚ್ಚು ಹಿಂದಕ್ಕೆ ಕತ್ತರಿಸಿ. ಆದರೆ ಒಳಗೆ ಇಲಿಗಳಿರುವಾಗಲೇ ಎಲ್ಲವನ್ನೂ ಮುಚ್ಚಿದರೆ ಅವು ಗೋಡೆಯೊಳಗೆ ಸಾಯಬಹುದು ಅಥವಾ ಹೊಸ ತೂತು ಕೊರೆಯಬಹುದು. ಆದ್ದರಿಂದ ಬಳಕೆಯಲ್ಲಿಲ್ಲದ ತೂತುಗಳನ್ನು ಮೊದಲೇ ಮುಚ್ಚಿ, ಓಡಾಟವಿರುವ ಒಂದೆರಡನ್ನು ಬೋನಿನ ಕೆಲಸ ಮುಗಿಯುವವರೆಗೆ ಬಿಟ್ಟಿರಿ.

ಧಾನ್ಯವನ್ನು ಚೀಲದಿಂದ ಲೋಹದ ಡಬ್ಬಗಳಿಗೆ ವರ್ಗಾಯಿಸುವುದನ್ನು ಕೊಕ್ಕೆಯಿಲ್ಲದ ವಾರದಲ್ಲೇ ಮಾಡಿ, ಹಸಿದ ಇಲಿ ಎರೆಗೆ ಬೇಗ ಬಾಯಿ ಹಾಕುತ್ತದೆ. ನಾಯಿಯ ತಟ್ಟೆಯನ್ನು ರಾತ್ರಿ ಹೊರಗೆ ಬಿಡಬೇಡಿ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ಎಷ್ಟೋ ಮನೆಗಳಲ್ಲಿ ಇಲಿಗಳ ಮುಖ್ಯ ಊಟವೇ ಅದು.

ಪಾಷಾಣದ ಬಗ್ಗೆ ನಿಮ್ಮ ಭಯ ಸರಿಯಾದದ್ದು. 1948ರ ಸುಮಾರಿಗೆ ಬಳಕೆಗೆ ಬಂದ ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ಕೊಲ್ಲುತ್ತಿತ್ತು. ಹತ್ತೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ಇಲಿಗಳು ಸ್ಕಾಟ್ಲೆಂಡಿನಲ್ಲಿ ಕಂಡುಬಂದವು. ಅನಂತರ ಬಂದ ತೀಕ್ಷ್ಣ ಪಾಷಾಣಗಳು ಸತ್ತ ಇಲಿಯ ಮೈಯಲ್ಲಿ ಉಳಿದು, ಅದನ್ನು ತಿಂದ ಗೂಬೆ, ಬೆಕ್ಕು, ನಾಯಿಗಳನ್ನೂ ಬಾಧಿಸುತ್ತವೆ. ತಿಂದ ಇಲಿ ಸಾಯಲು ಹಲವು ದಿನ ಹಿಡಿಯುವುದರಿಂದ ಅದು ಎಲ್ಲಿ ಸಾಯುತ್ತದೆ ಎಂಬುದೂ ನಿಮ್ಮ ಕೈಯಲ್ಲಿರುವುದಿಲ್ಲ. ಕಿವಿಗೆ ಕೇಳದ ಸದ್ದು ಹೊರಡಿಸುವ ಯಂತ್ರಗಳಿಗಾಗಿ ಹಣ ಹಾಕಬೇಡಿ. ಇಲಿಗಳು ಆ ಸದ್ದಿಗೆ ಬೇಗನೆ ಒಗ್ಗಿಕೊಳ್ಳುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿ ಇಂಥ ಯಂತ್ರಗಳ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ, ಪರಿಣಾಮದ ಬಗ್ಗೆ ಹೇಳುವುದಕ್ಕೆ ವೈಜ್ಞಾನಿಕ ಆಧಾರವಿರಬೇಕೆಂದು ಎಚ್ಚರಿಸಿತ್ತು.

ಎರಡು ವಾರ ಹಿಟ್ಟಿನಲ್ಲಿ ಹೆಜ್ಜೆ ಕಾಣದೆ, ಎರೆ ಮುಟ್ಟದೆ ಉಳಿದು, ಬಿಲದ ಬಾಯಿಯ ಕಾಗದ ಹಾಗೆಯೇ ಇದ್ದರೆ, ಬಿಟ್ಟಿದ್ದ ಕೊನೆಯ ತೂತುಗಳನ್ನೂ ಮುಚ್ಚಿ, ಬಿಲಗಳಿಗೆ ಕಲ್ಲು ಮಣ್ಣು ತುಂಬಿ ಗಟ್ಟಿಯಾಗಿ ಬಡಿಯಿರಿ. ಇಷ್ಟಾದ ಮೇಲೂ ಅದೇ ಜಾಗದಲ್ಲಿ ಬಿಲ ಮತ್ತೆ ಮತ್ತೆ ತೆರೆದುಕೊಂಡರೆ ನೆಲದಡಿಯ ಚರಂಡಿ ಕೊಳವೆ ಎಲ್ಲೋ ಒಡೆದಿರುವ ಸಾಧ್ಯತೆ ಹೆಚ್ಚು. ಇಲಿಗಳು ಚೆನ್ನಾಗಿ ಈಜುತ್ತವೆ, ಕೊಳವೆಯ ಬಿರುಕಿನಿಂದಲೇ ಮೇಲೆ ಬರುತ್ತವೆ. ಆಗ ಕರೆಸಬೇಕಾದವರು ಕೊಳಾಯಿ ಕೆಲಸದವರು, ಆ ಕೊಳವೆ ರಿಪೇರಿಯಾಗುವವರೆಗೆ ಹಿತ್ತಿಲ ಪೆಟ್ಟಿಗೆಗಳಲ್ಲಿ ಎರಡು ಬೋನುಗಳನ್ನು ಒಡ್ಡಿಟ್ಟು ದಿನವೂ ಬೆಳಿಗ್ಗೆ ನೋಡುತ್ತಿರಿ.